ಮೊದಲ ಅಕ್ಷರಗಳು ಒಂದೇ ಆಗಿರುವ ಇಂಗ್ಲಿಷ್ ಪದಗಳಿಗೆ ಅರ್ಥದಲ್ಲೂ ನಂಟಿದೆಯೇ?

ಪದಕುತೂಹಲಿ:

ಇಂಗ್ಲಿಷ್ ಶಬ್ದಸಂಪತ್ತನ್ನು ಬೆಳೆಸಿಕೊಳ್ಳಲು ಸಿಗುವ ಪಟ್ಟಿಗಳಲ್ಲಿ ಬಹುಪಾಲು ಅಕಾರಾದಿ ಕ್ರಮದಲ್ಲಿರುತ್ತವೆ. ಹೀಗಾಗಿ ಮೊದಲ ಎರಡು ಮೂರು ಅಕ್ಷರಗಳು ಒಂದೇ ಆಗಿರುವ ಪದಗಳು ಗುಂಪುಗುಂಪಾಗಿ ಕಣ್ಣೆದುರು ಬರುತ್ತವೆ. ಜಿ-ಎಲ್ ಪುಟ ತೆರೆದರೆ ಗ್ಲೀಮ್, ಗ್ಲಿಟರ್, ಗ್ಲಿಮ್ಮರ್, ಗ್ಲೋ ಸಾಲಾಗಿ ನಿಂತಿರುತ್ತವೆ. ಎಲ್ಲಕ್ಕೂ ಹೊಳಪು, ಮಿನುಗು, ಬೆಳಕು ಎಂಬ ಅರ್ಥಗಳೇ. ಎಂ-ಐ-ಎಸ್ ಪುಟದಲ್ಲಿ ಮಿಸ್‌ಲೀಡ್, ಮಿಸ್‌ಟೇಕ್, ಮಿಸ್‌ಯೂಸ್ ಎಂಬವು ‘ತಪ್ಪು’ ಎಂಬ ಅರ್ಥವನ್ನು ಹೊತ್ತಿರುತ್ತವೆ. ಆದರೆ ಅವುಗಳ ನಡುವೆಯೇ ಮಿಷನ್, ಮಿಸೈಲ್ ಎಂಬವು ಯಾವ ತಪ್ಪನ್ನೂ ಮಾಡದೆ ಕುಳಿತಿರುತ್ತವೆ.

ನನ್ನ ಪ್ರಶ್ನೆಗಳು ಎರಡು. ಮೊದಲ ಅಕ್ಷರಗಳನ್ನು ನೋಡಿ ಗೊತ್ತಿಲ್ಲದ ಪದದ ಅರ್ಥವನ್ನು ಎಷ್ಟರಮಟ್ಟಿಗೆ ಊಹಿಸಬಹುದು? ಹಾಗೆಯೇ, ಇಂತಹ ಪದಗಳನ್ನು ಒಂದೇ ಕಂತೆಯಾಗಿ ಕಲಿಯುವುದು ಒಳ್ಳೆಯ ವಿಧಾನವೇ, ಅಥವಾ ಗೊಂದಲಕ್ಕೆ ದಾರಿಯೇ? ತಿಳಿದವರು ಉದಾಹರಣೆಗಳ ಸಹಿತ ವಿವರಿಸಬೇಕೆಂದು ಕೋರುತ್ತೇನೆ.

ನಿಘಂಟುಪ್ರಿಯ:

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಅಕಾರಾದಿ ಕ್ರಮ ಇರುವುದು ಪದವನ್ನು ಹುಡುಕುವ ಅನುಕೂಲಕ್ಕಾಗಿಯೇ ಹೊರತು ಅರ್ಥವನ್ನು ತಿಳಿಸುವುದಕ್ಕಾಗಿ ಅಲ್ಲ. ನಮ್ಮಲ್ಲಿ ಅಮರಕೋಶವು ಸ್ವರ್ಗ, ಭೂಮಿ, ವನೌಷಧಿ ಎಂದು ವಿಷಯಗಳ ವರ್ಗಗಳಾಗಿ ಪದಗಳನ್ನು ಜೋಡಿಸಿತು. ಅಲ್ಲಿ ಪಕ್ಕಪಕ್ಕದಲ್ಲಿರುವ ಪದಗಳಿಗೆ ಅರ್ಥದ ಸಂಬಂಧ ಇದ್ದೇ ಇರುತ್ತದೆ. 1604ರಲ್ಲಿ ರಾಬರ್ಟ್ ಕಾಡ್ರಿ ಪ್ರಕಟಿಸಿದ, ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ನಿಘಂಟು ಹಿಡಿದದ್ದು ಅಕ್ಷರಮಾಲೆಯ ದಾರಿಯನ್ನು. ಆ ದಾರಿಯಲ್ಲಿ ನೆರೆಹೊರೆಯವರಾದ ಪದಗಳೆಲ್ಲ ಬಂಧುಗಳಾಗಿರಬೇಕೆಂದೇನೂ ಇಲ್ಲ.

ಇದನ್ನು ಪಿ-ಇ-ಎನ್ ಎಂಬ ಮೂರು ಅಕ್ಷರಗಳಿಂದಲೇ ತೋರಿಸಬಹುದು. ಪೆನ್ ಎಂಬ ಪದ ಲ್ಯಾಟಿನ್ನಿನ ಪೆನ್ನ ಎಂಬುದರಿಂದ ಬಂದಿದೆ. ಅದರ ಅರ್ಥ ಹಕ್ಕಿಯ ಗರಿ. ಶತಮಾನಗಳ ಕಾಲ ಗರಿಯ ತುದಿಯನ್ನು ಸೀಳಿ ಶಾಯಿಯಲ್ಲಿ ಅದ್ದಿ ಬರೆಯುತ್ತಿದ್ದುದರಿಂದ ಗರಿಯೇ ಲೇಖನಿಯ ಹೆಸರಾಯಿತು. ಹಾಗಿದ್ದರೆ ಪೆನ್ಸಿಲ್ ಅದರ ತಮ್ಮನಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ, ಆದರೆ ಅಲ್ಲ. ಪೆನ್ಸಿಲ್‌ನ ಮೂಲ ಪೆನಿಸಿಲ್ಲಸ್, ಅಂದರೆ ‘ಸಣ್ಣ ಬಾಲ’, ಬಣ್ಣ ಹಚ್ಚುವ ಕುಂಚ. ಇಂಗ್ಲಿಷಿಗೆ ಬಂದಾಗಲೂ ಪೆನ್ಸಿಲ್ ಎಂದರೆ ಮೊದಲು ಚಿತ್ರಕಾರನ ಕುಂಚವೇ ಆಗಿತ್ತು. ಪೆನ್ಸಿಲ್‌ನ ನಿಜವಾದ ಬಂಧು ಪೆನಿಸಿಲಿನ್: ಆ ಔಷಧವನ್ನು ಕೊಡುವ ಬೂಷ್ಟು ಸೂಕ್ಷ್ಮದರ್ಶಕದಲ್ಲಿ ಕುಂಚದಂತೆ ಕಾಣುವುದರಿಂದ ಅದಕ್ಕೆ ಪೆನಿಸಿಲಿಯಂ ಎಂಬ ಹೆಸರು ಬಂದಿತ್ತು, 1928ರಲ್ಲಿ ಅದರ ಗುಣವನ್ನು ಕಂಡುಕೊಂಡ ಅಲೆಕ್ಸಾಂಡರ್ ಫ್ಲೆಮಿಂಗ್ ಆ ಹೆಸರಿನಿಂದಲೇ ಔಷಧದ ಹೆಸರನ್ನು ಮಾಡಿಕೊಂಡರು.

ಪೆನಿನ್ಸುಲಾ ಎಂಬುದು ಇನ್ನೊಂದು ಕುಟುಂಬ. ಲ್ಯಾಟಿನ್ನಿನಲ್ಲಿ ಪೈನೆ ಎಂದರೆ ‘ಬಹುಮಟ್ಟಿಗೆ’, ಇನ್ಸುಲಾ ಎಂದರೆ ದ್ವೀಪ. ಮೂರು ಕಡೆ ನೀರಿದ್ದು ಒಂದು ಕಡೆ ನೆಲಕ್ಕೆ ಅಂಟಿಕೊಂಡಿರುವುದರಿಂದ ಅದು ಹೆಚ್ಚುಕಡಿಮೆ ದ್ವೀಪ. ಕೊನೆಯದಕ್ಕೆ ಹಿಂದಿನದು ಎಂಬ ಅರ್ಥದ ಪೆನಲ್ಟಿಮೇಟ್ ಕೂಡ ಇದೇ ಕುಟುಂಬದ್ದು. ಅದು ಪೆನಲ್ಟಿಯಂತೆ ಕೇಳಿಸಿದರೂ ದಂಡಕ್ಕೂ ಅದಕ್ಕೂ ಸಂಬಂಧವಿಲ್ಲ; ಪೆನಲ್ಟಿ ಬಂದಿರುವುದು ಶಿಕ್ಷೆ ಎಂಬ ಅರ್ಥದ ಪೋಯಿನಾ ಎಂಬ ಪದದಿಂದ. ಪೆಂಟಗನ್‌ನಲ್ಲಿರುವುದು ಗ್ರೀಕಿನ ಪೆಂಟೆ, ಅಂದರೆ ಐದು. ಅದು ನಮ್ಮ ‘ಪಂಚ’ದ ದಾಯಾದಿ. ಪೆಂಡುಲಮ್, ಪೆಂಡಿಂಗ್, ಪೆಂಡೆಂಟ್ ಇವುಗಳಲ್ಲಿರುವುದು ‘ತೂಗು’, ‘ನೇತಾಡು’ ಎಂಬ ಕ್ರಿಯೆ. ತೀರ್ಮಾನವಾಗದ ಕಡತವೂ ಒಂದು ರೀತಿಯಲ್ಲಿ ನೇತಾಡುತ್ತಲೇ ಇರುತ್ತದೆ. ಹೀಗೆ ಒಂದೇ ಮೂರಕ್ಷರಗಳ ಹಿಂದೆ ಕನಿಷ್ಠ ಆರು ಮನೆತನಗಳಿವೆ. ಇದನ್ನು ಅರಿಯದೆ ‘ಪೆನ್ ಎಂದು ಶುರುವಾದರೆ ಇಂಥ ಅರ್ಥ’ ಎಂದು ಸೂತ್ರ ಹೊಸೆದರೆ ಅದು ಎರಡನೆಯ ಪದಕ್ಕೇ ಮುರಿದು ಬೀಳುತ್ತದೆ.

ಸಂಶಯವಾದಿ:

ನಿಘಂಟುಪ್ರಿಯರ ಉದಾಹರಣೆ ನನ್ನ ಅನುಮಾನವನ್ನೇ ಗಟ್ಟಿಗೊಳಿಸುತ್ತದೆ. ಹಾಗಾದರೆ ಪದಕುತೂಹಲಿಯವರು ಹೇಳಿದ ಜಿ-ಎಲ್ ಗುಂಪನ್ನು ಕೂಡ ಕಾಕತಾಳೀಯ ಎಂದೇ ಏಕೆ ತಿಳಿಯಬಾರದು? ಗ್ಲೋ, ಗ್ಲೀಮ್ ಇವೆ ನಿಜ. ಆದರೆ ಅದೇ ಪುಟದಲ್ಲಿ ಅಂಟು ಎಂಬ ಅರ್ಥದ ಗ್ಲೂ, ಕೈಗವಸು ಎಂಬ ಅರ್ಥದ ಗ್ಲೌ, ಹೊಟ್ಟೆಬಾಕ ಎಂಬ ಅರ್ಥದ ಗ್ಲಟನ್, ಸಂತೋಷ ಎಂಬ ಅರ್ಥದ ಗ್ಲ್ಯಾಡ್ ಕೂಡ ಇವೆ. ನಮಗೆ ಬೇಕಾದ ನಾಲ್ಕು ಪದಗಳನ್ನು ಆರಿಸಿಕೊಂಡು ಬೇಡವಾದ ನಾಲ್ಕನ್ನು ಬಿಟ್ಟುಬಿಟ್ಟರೆ ಯಾವ ಅಕ್ಷರಕ್ಕೂ ಯಾವ ಅರ್ಥವನ್ನಾದರೂ ಕಟ್ಟಬಹುದು. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ಕೇವಲ ರೂಢಿಯಿಂದ ಬಂದದ್ದು ಎಂಬ ಸ್ವಿಸ್ ಭಾಷಾವಿಜ್ಞಾನಿ ಸೊಸ್ಸೂರ್ ಅವರ ಪ್ರತಿಪಾದನೆ 1916ರಿಂದಲೂ ಭಾಷಾವಿಜ್ಞಾನದ ಅಡಿಪಾಯದಂತಿದೆಯಲ್ಲವೇ?

ಧ್ವನಿವಿದ್ಯಾರ್ಥಿ:

ಸಂಶಯವಾದಿಗಳ ಆಕ್ಷೇಪ ನ್ಯಾಯವಾದದ್ದೇ, ಆದರೆ ಅವರು ಎತ್ತಿದ ಉದಾಹರಣೆಗಳಲ್ಲಿ ಒಂದು ಅವರ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಗ್ಲ್ಯಾಡ್ ಎಂಬ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಹೊಳೆಯುವ, ಪ್ರಕಾಶಮಾನವಾದ’ ಎಂಬ ಅರ್ಥವೂ ಇತ್ತು. ಮುಖ ಬೆಳಗಿತು ಎಂದು ನಾವು ಸಂತೋಷವನ್ನು ಸೂಚಿಸುವ ಹಾಗೆಯೇ ಹೊಳಪು ಅಲ್ಲಿ ಹರ್ಷವಾಯಿತು.

ಜಿ-ಎಲ್ ಗುಂಪಿನ ಹಿಂದೆ ಇರುವುದು ಸ್ವಲ್ಪಮಟ್ಟಿಗೆ ಇತಿಹಾಸ, ಸ್ವಲ್ಪಮಟ್ಟಿಗೆ ಧ್ವನಿಯ ಸೆಳೆತ. ಇತಿಹಾಸ ಏನೆಂದರೆ, ಗ್ಲೋ, ಗ್ಲೀಮ್, ಗ್ಲಾಸ್ ಮುಂತಾದ ಪದಗಳನ್ನು ಭಾಷಾಶಾಸ್ತ್ರಜ್ಞರು ‘ಹೊಳೆ’ ಎಂಬ ಅರ್ಥದ ಒಂದು ಪ್ರಾಚೀನ ಇಂಡೋ-ಯುರೋಪಿಯನ್ ಧಾತುವಿಗೆ ಜೋಡಿಸುತ್ತಾರೆ. ಗೋಲ್ಡ್ ಮತ್ತು ಯೆಲ್ಲೊ ಆ ಧಾತುವಿನ ಕುಡಿಗಳು. ಸಂಸ್ಕೃತದ ಹಿರಣ್ಯ ಮತ್ತು ಹರಿ ಕೂಡ ಹೌದು. ಧ್ವನಿಯ ಸೆಳೆತ ಎಂದರೆ, ಒಮ್ಮೆ ಇಂತಹ ಕೆಲವು ಪದಗಳು ಭಾಷೆಯಲ್ಲಿ ನೆಲೆನಿಂತ ಮೇಲೆ ಆಡುವವರ ಮನಸ್ಸಿನಲ್ಲಿ ಆ ಧ್ವನಿಗೂ ಆ ಅರ್ಥಕ್ಕೂ ನಂಟು ಬೆಳೆಯುತ್ತದೆ, ಆಮೇಲೆ ಹೊಸ ಪದಗಳೂ ಅದೇ ಅಚ್ಚಿಗೆ ಬೀಳುತ್ತವೆ. ಇದಕ್ಕೆ ಬ್ರಿಟಿಷ್ ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್ 1930ರಲ್ಲಿ ಫೋನೆಸ್ಥೀಮ್ ಎಂಬ ಹೆಸರಿಟ್ಟರು. ಹೆಸರು ಹೊಸದಾದರೂ ಗಮನ ಹಳೆಯದು. ಅನಂತದ ಚಿಹ್ನೆಯನ್ನು ಬಳಕೆಗೆ ತಂದ ಗಣಿತಜ್ಞ ಜಾನ್ ವಾಲಿಸ್ 1653ರಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿಯೇ ಡಬ್ಲ್ಯು-ಆರ್ ಇಂದ ಶುರುವಾಗುವ ಪದಗಳಲ್ಲಿ ತಿರುಚುವಿಕೆಯ ಅರ್ಥ ಇದೆ ಎಂದು ಹೇಳಿದ್ದರು. ರಿಂಗ್ ಎಂದರೆ ಹಿಂಡು, ರೆಂಚ್ ಎಂದರೆ ತಿರುಚಿ ಕೀಳು, ರಿಸ್ಟ್ ಎಂದರೆ ತಿರುಗುವ ಮಣಿಕಟ್ಟು, ರೆಸಲ್ ಎಂದರೆ ಮೈ ತಿರುಚಿ ಕಾದಾಡು; ರಾಂಗ್ ಎಂಬ ಪದಕ್ಕೂ ಮೂಲದಲ್ಲಿ ‘ಸೊಟ್ಟಗಿನ’ ಎಂದೇ ಅರ್ಥ. ಬರೆಯುವಾಗ ಇವೆಲ್ಲಕ್ಕೂ ಮೊದಲು ಡಬ್ಲ್ಯು ಇದೆ ಎಂಬುದನ್ನು ನೆನಪಿಡಬೇಕು, ಏಕೆಂದರೆ ಕನ್ನಡ ಲಿಪಿಯಲ್ಲಿ ಅದು ಕಾಣುವುದಿಲ್ಲ.

ಎಸ್-ಎನ್ ಗುಂಪು ಇನ್ನೂ ಸ್ವಾರಸ್ಯವಾದದ್ದು. ಸ್ನೋರ್ ಗೊರಕೆ, ಸ್ನಿಫ್ ಮೂಸುವುದು, ಸ್ನಾರ್ಟ್ ಮೂಗಿನಿಂದ ಬುಸುಗುಟ್ಟುವುದು, ಸ್ನೌಟ್ ಪ್ರಾಣಿಯ ಮೂತಿ, ಸ್ನಾಟ್ ಸಿಂಬಳ: ಎಲ್ಲವೂ ಮೂಗಿನ ಸುತ್ತಲೇ. ಸೀನು ಎಂಬ ಅರ್ಥದ ಸ್ನೀಝ್ ಈ ಗುಂಪಿಗೆ ತಡವಾಗಿ ಬಂದ ಸದಸ್ಯ. ಹಳೆಯ ಇಂಗ್ಲಿಷಿನಲ್ಲಿ ಅದು ಎಫ್-ಎನ್ ಎಂಬ ಜೋಡಿಯಿಂದ ಶುರುವಾಗುತ್ತಿತ್ತು. ಆ ಜೋಡಿ ಭಾಷೆಯಿಂದ ಮರೆಯಾಗುತ್ತಾ ಬಂದಾಗ, ಸುಮಾರು 15ನೆಯ ಶತಮಾನದ ಹೊತ್ತಿಗೆ ಪದ ಎಸ್-ಎನ್‌ಗೆ ಹೊರಳಿತು. ಹಸ್ತಪ್ರತಿಗಳಲ್ಲಿ ಉದ್ದನೆಯ ಎಸ್ ಅಕ್ಷರವೂ ಎಫ್ ಅಕ್ಷರವೂ ಒಂದೇ ರೀತಿ ಕಾಣುತ್ತಿದ್ದುದು ಇದಕ್ಕೆ ಕಾರಣ ಎಂದು ಕೆಲವರು ಹೇಳುತ್ತಾರೆ. ಮೂಗಿನ ಪದಗಳ ಗುಂಪು ಅದನ್ನು ತನ್ನತ್ತ ಎಳೆದುಕೊಂಡಿತು ಎಂಬ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಸಂಶಯವಾದಿಗಳಿಗೆ ಇನ್ನೊಂದು ಮಾತು. ಬೆಂಜಮಿನ್ ಬರ್ಗೆನ್ ಅವರು 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗ್ಲಿಟರ್ ನೋಡಿದ ತಕ್ಷಣ ಗ್ಲೋ ಎಂಬಂತಹ ಪದವನ್ನು ಓದುಗರು ಬೇಗ ಗುರುತಿಸಿದರು. ಧ್ವನಿ ಮಾತ್ರ ಅಥವಾ ಅರ್ಥ ಮಾತ್ರ ಹೋಲುವ ಜೋಡಿಗಳಲ್ಲಿ ಆ ಮಟ್ಟದ ಅನುಕೂಲ ಕಾಣಲಿಲ್ಲ. ಅಂದರೆ ಈ ನಂಟು ಪಟ್ಟಿ ಮಾಡುವವರ ಕಲ್ಪನೆಯಲ್ಲಿ ಮಾತ್ರ ಇಲ್ಲ. ಕನ್ನಡಿಗರಿಗೆ ಇದು ಹೊಸದೆನಿಸಬೇಕಾಗಿಯೂ ಇಲ್ಲ: ಮಿಂಚು, ಮಿನುಗು, ಮಿಣುಕು, ಮಿರುಗು, ಮಿಣಮಿಣ ಎಂಬ ಪದಗಳನ್ನು ಒಮ್ಮೆ ಸಾಲಾಗಿ ಉಚ್ಚರಿಸಿ ನೋಡಿ. ಹಾಗೆಂದು ಮಿಡತೆ ಹೊಳೆಯುವುದಿಲ್ಲ, ಮಿದುಳಂತೂ ಎಲ್ಲರದೂ ಹೊಳೆಯುವುದಿಲ್ಲ.

ಸಂಶಯವಾದಿ:

ಮಿದುಳಿನ ಮಾತನ್ನು ಸ್ವೀಕರಿಸಿದ್ದೇನೆ. ಪ್ರಯೋಗದ ವಿಷಯವನ್ನೂ ಒಪ್ಪುತ್ತೇನೆ, ಆದರೆ ಒಂದು ಮಿತಿಯೊಂದಿಗೆ. ಗೊತ್ತಿರುವ ಪದವನ್ನು ಬೇಗ ಗುರುತಿಸುವುದು ಬೇರೆ, ಗೊತ್ತಿಲ್ಲದ ಪದದ ಅರ್ಥವನ್ನು ಊಹಿಸುವುದು ಬೇರೆ. ಸ್ನೋ ಎಂಬ ಪದವನ್ನು ಮೊದಲ ಬಾರಿ ಕಂಡವನು ಮೂಗನ್ನು ಹಿಡಿದುಕೊಂಡು ಹಿಮವನ್ನು ತಲುಪಲಾರ. ಸ್ನೇಕ್, ಸ್ನೇಲ್ ಎಂಬವೂ ಹಾಗೆಯೇ. ಆದ್ದರಿಂದ ಇಂತಹ ಗುಂಪುಗಳು ನೆನಪಿಗೆ ಸಹಾಯಕವಾಗಬಹುದು, ಆಧಾರವಾಗಲಾರವು.

ಅನುವಾದಕಿ:

ಊಹೆಯಿಂದ ಆಗುವ ಅಪಾಯ ಅನುವಾದದ ಕೆಲಸದಲ್ಲಿ ಚೆನ್ನಾಗಿ ಕಾಣುತ್ತದೆ. ಅದರಲ್ಲೂ ಐ-ಎನ್ ಎಂಬ ಎರಡಕ್ಷರಗಳಷ್ಟು ಮೋಸಗೊಳಿಸುವ ಆರಂಭ ಇಂಗ್ಲಿಷಿನಲ್ಲಿ ಮತ್ತೊಂದಿಲ್ಲ ಎಂದು ನನ್ನ ಅಭಿಪ್ರಾಯ. ಇನ್‌ಕರೆಕ್ಟ್, ಇನ್‌ಜಸ್ಟಿಸ್, ಇನ್‌ವಿಸಿಬಲ್ ಇವುಗಳಲ್ಲಿ ಅದು ನಿಷೇಧವನ್ನು ಸೂಚಿಸುತ್ತದೆ. ನಮ್ಮ ‘ಅ’ ಮತ್ತು ‘ಅನ್’ ಮಾಡುವ ಕೆಲಸವನ್ನೇ ಮಾಡುತ್ತದೆ, ಚಾರಿತ್ರಿಕವಾಗಿಯೂ ಅವುಗಳ ಒಡಹುಟ್ಟಾಗಿದೆ. ಮುಂದಿನ ಅಕ್ಷರಕ್ಕೆ ಹೊಂದಿಕೊಂಡು ಅದು ಇಂಪಾಸಿಬಲ್, ಇಲ್ಲೀಗಲ್, ಇರೆಗ್ಯುಲರ್ ಎಂದು ರೂಪ ಬದಲಿಸುವುದು ಸಂಧಿ ಓದಿದವರಿಗೆ ಕೂಡಲೇ ಅರ್ಥವಾಗುತ್ತದೆ. ಆದರೆ ಇನ್‌ಕ್ಲೂಡ್, ಇನ್‌ಹೇಲ್, ಇನ್‌ಸ್ಪೆಕ್ಟ್ ಇವುಗಳಲ್ಲಿರುವ ಇನ್ ‘ಒಳಗೆ’ ಎಂಬ ಅರ್ಥದ ಬೇರೊಂದು ಉಪಸರ್ಗ.

ಇವೆರಡನ್ನು ಬೆರೆಸಿದಾಗ ಏನಾಗಬಹುದು ಎಂಬುದಕ್ಕೆ ಇನ್‌ಫ್ಲೇಮಬಲ್ ಪ್ರಸಿದ್ಧ ಉದಾಹರಣೆ. ಅದು ‘ಉರಿ ಹೊತ್ತಿಸು’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು. ಆದ್ದರಿಂದ ‘ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವ’ ಎಂದೇ ಅರ್ಥ. ಆದರೆ ಓದುವವರು ಅದನ್ನು ‘ಹೊತ್ತಿಕೊಳ್ಳದ’ ಎಂದು ತಿಳಿದರೆ ಪ್ರಾಣಕ್ಕೇ ಸಂಚಕಾರ. ಈ ಕಾರಣದಿಂದಲೇ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘವು 1920ರ ದಶಕದಲ್ಲಿ ಫ್ಲೇಮಬಲ್ ಎಂಬ ಚಿಕ್ಕ ರೂಪವನ್ನೇ ಬಳಸಬೇಕೆಂದು ಒತ್ತಾಯಿಸತೊಡಗಿತು. ಇಂದು ಟ್ಯಾಂಕರುಗಳ ಮೇಲೆ ಎರಡೂ ಪದಗಳು ಕಾಣುತ್ತವೆ, ಎರಡಕ್ಕೂ ಅರ್ಥ ಒಂದೇ.

ಇನ್ನು ನಿಜವಾಗಿಯೂ ನಿಷೇಧದ ಇನ್ ಇರುವ ಕಡೆಯೂ ನೇರವಾಗಿ ‘ಅಲ್ಲ’ ಎಂದು ಅನುವಾದಿಸಿದರೆ ಸಾಲದು. ಇನ್‌ವ್ಯಾಲ್ಯುಬಲ್ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ‘ಅಮೂಲ್ಯ’ ಎಂಬ ನಮ್ಮ ಪದವೂ ಇದೇ ತರ್ಕದಲ್ಲಿ ರೂಪುಗೊಂಡಿರುವುದರಿಂದ ಕನ್ನಡ ಓದುಗರಿಗೆ ಇದು ಸುಲಭ. ಇನ್‌ಫೇಮಸ್ ಎಂದರೆ ಹೆಸರಿಲ್ಲದವನಲ್ಲ, ಕೆಟ್ಟ ಹೆಸರಿನವನು; ‘ಕುಖ್ಯಾತ’ ಎಂಬುದು ಸರಿಯಾದ ಪದ, ‘ಅಪ್ರಸಿದ್ಧ’ ಎಂದರೆ ಅಪಾರ್ಥವಾಗುತ್ತದೆ.

ಪದಕುತೂಹಲಿ:

ಇದೇ ದಾರಿಯಲ್ಲಿ ಕೇಳುವುದಾದರೆ, ಇಂಜೀನಿಯಸ್ ಮತ್ತು ಇಂಜೆನ್ಯುಅಸ್ ಎಂಬ ಜೋಡಿಯಲ್ಲಿರುವ ಇನ್ ಯಾವುದು? ಹಾಗೆಯೇ ನಾನು ಆರಂಭದಲ್ಲಿ ಹೇಳಿದ ಎಂ-ಐ-ಎಸ್ ಗುಂಪಿನ ವಿಷಯವನ್ನೂ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ನಿಘಂಟುಪ್ರಿಯ:

ಎರಡರಲ್ಲೂ ಇರುವುದು ‘ಒಳಗೆ’ ಎಂಬ ಇನ್. ಎರಡರಲ್ಲೂ ‘ಹುಟ್ಟು’ ಎಂಬ ಧಾತುವಿದೆ. ಹುಟ್ಟಿನಿಂದಲೇ ಒಳಗಿರುವ ಪ್ರತಿಭೆ ಎಂಬುದರಿಂದ ಇಂಜೀನಿಯಸ್‌ಗೆ ‘ಜಾಣ್ಮೆಯ, ಚತುರವಾದ’ ಎಂಬ ಅರ್ಥ ಬಂತು. ದಾಸ್ಯದಲ್ಲಿ ಅಲ್ಲದೆ ಸ್ವತಂತ್ರನಾಗಿ ಹುಟ್ಟಿದವನು ಎಂಬ ರೋಮನ್ ಅರ್ಥದಿಂದ ಇಂಜೆನ್ಯುಅಸ್ ಹುಟ್ಟಿ, ಸ್ವತಂತ್ರನಾದವನಿಗೆ ಮುಚ್ಚುಮರೆ ಬೇಕಿಲ್ಲ ಎಂಬ ಭಾವದಿಂದ ‘ನಿಷ್ಕಪಟ’, ಮುಂದೆ ‘ಮುಗ್ಧ’ ಎಂಬ ಅರ್ಥವನ್ನು ಪಡೆಯಿತು. ಮೂಲ ಒಂದೇ ಆದರೂ ಇಂದಿನ ಅರ್ಥಗಳು ಬಹುಮಟ್ಟಿಗೆ ವಿರುದ್ಧ: ಮೊದಲನೆಯವನು ಕಣ್ಣಿಗೆ ಮಣ್ಣೆರಚಬಲ್ಲ, ಎರಡನೆಯವನಿಗೆ ಅದು ಗೊತ್ತೇ ಆಗುವುದಿಲ್ಲ.

ಎಂ-ಐ-ಎಸ್ ಗುಂಪು ಪೆನ್ ಗುಂಪಿನಷ್ಟೇ ಹರಿದು ಹಂಚಿಹೋಗಿದೆ. ಮಿಸ್‌ಲೀಡ್, ಮಿಸ್‌ಡೀಡ್, ಮಿಸ್‌ಅಂಡರ್‌ಸ್ಟ್ಯಾಂಡ್ ಇವುಗಳಲ್ಲಿರುವುದು ಜರ್ಮಾನಿಕ್ ಮೂಲದ, ‘ತಪ್ಪಾಗಿ, ಕೆಟ್ಟದಾಗಿ’ ಎಂಬ ಅರ್ಥದ ಉಪಸರ್ಗ. ಮಿಸ್‌ಚೀಫ್ ಹಳೆಯ ಫ್ರೆಂಚಿನಿಂದ ಬಂದಿದೆ. ಅಲ್ಲಿನ ‘ಮೆಸ್’ ಎಂಬ ಉಪಸರ್ಗ ಇಂಗ್ಲಿಷಿಗೆ ಬಂದು ಇಲ್ಲಿನ ಮಿಸ್‌ನೊಂದಿಗೆ ಬೆರೆತುಹೋಯಿತು. ಮಿಸ್ಯಾಂತ್ರೋಪ್ ಎಂದರೆ ಮನುಷ್ಯದ್ವೇಷಿ, ಮಿಸಾಜಿನಿ ಎಂದರೆ ಸ್ತ್ರೀದ್ವೇಷ. ಇವುಗಳಲ್ಲಿರುವುದು ‘ದ್ವೇಷಿಸು’ ಎಂಬ ಗ್ರೀಕ್ ಕ್ರಿಯೆ, ‘ತಪ್ಪು’ ಅಲ್ಲ. ಮಿಷನ್, ಮಿಸೈಲ್, ಮಿಸಿವ್ ಇವು ‘ಕಳುಹಿಸು’ ಎಂಬ ಲ್ಯಾಟಿನ್ ಕ್ರಿಯೆಯ ಮಕ್ಕಳು: ಕಾರ್ಯಕ್ಕಾಗಿ ಕಳುಹಿಸಿದ್ದು, ಎಸೆದು ಕಳುಹಿಸಿದ್ದು, ಬರೆದು ಕಳುಹಿಸಿದ್ದು. ಮೈಸರ್ ಮತ್ತು ಮಿಸರಿ ‘ದೀನ’ ಎಂಬ ಅರ್ಥದ ಲ್ಯಾಟಿನ್ ವಿಶೇಷಣದಿಂದ ಬಂದಿವೆ. ಜಿಪುಣನನ್ನು ದೀನ ಎಂದು ಕರೆದದ್ದರಲ್ಲಿ ಒಂದು ಲೋಕಾನುಭವ ಇದೆ. ಮಿಸಲೇನಿಯಸ್‌ನಲ್ಲಿರುವುದು ‘ಬೆರೆಸು’ ಎಂಬ ಕ್ರಿಯೆ, ಅದು ನಮ್ಮ ‘ಮಿಶ್ರ’ದ ಬಂಧು.

ಇಲ್ಲಿ ಒಂದು ಸರಳ ಪರೀಕ್ಷೆ ನೆರವಿಗೆ ಬರುತ್ತದೆ. ಮೊದಲ ಅಕ್ಷರಗಳನ್ನು ಮುಚ್ಚಿ ಉಳಿದದ್ದನ್ನು ಓದಿ. ಮಿಸ್‌ಲೀಡ್‌ನಲ್ಲಿ ಲೀಡ್ ಉಳಿಯುತ್ತದೆ, ಮಿಸ್‌ಯೂಸ್‌ನಲ್ಲಿ ಯೂಸ್ ಉಳಿಯುತ್ತದೆ. ಉಳಿದದ್ದು ತನ್ನಷ್ಟಕ್ಕೆ ಪದವಾಗಿದ್ದರೆ ಮುಚ್ಚಿದ್ದು ಉಪಸರ್ಗವಾಗಿರುವ ಸಂಭವ ಹೆಚ್ಚು. ಮಿಷನ್‌ನಲ್ಲಿ ಮುಚ್ಚಿದ ಮೇಲೆ ಉಳಿಯುವ ತುಂಡಿಗೆ ಸ್ವಂತ ಬಾಳ್ವೆ ಇಲ್ಲ. ಪರೀಕ್ಷೆ ನೂರಕ್ಕೆ ನೂರು ನಿಲ್ಲುವುದಿಲ್ಲ ಎಂಬುದು ನಿಜ. ಪೆಂಟ್‌ಹೌಸ್‌ನಲ್ಲಿ ಹೌಸ್ ಉಳಿಯುತ್ತದೆ, ಆದರೂ ಅದು ಐದನೆಯ ಮನೆಯಲ್ಲ: ಕಟ್ಟಡಕ್ಕೆ ತಗಲಿಸಿದ ಇಳಿಜಾರು ಚಾವಣಿಗೆ ಇದ್ದ ಫ್ರೆಂಚ್ ಹೆಸರನ್ನು ಇಂಗ್ಲಿಷ್ ನಾಲಗೆ ಮನೆಯನ್ನಾಗಿ ಮಾಡಿಕೊಂಡಿತು, ಅಷ್ಟೇ.

ಕನ್ನಡ ಅಧ್ಯಾಪಕ:

ಈ ಪರೀಕ್ಷೆ ನಮ್ಮ ವಿದ್ಯಾರ್ಥಿಗಳಿಗೆ ಸಹಜವಾಗಿ ಹೊಳೆಯದಿರಲು ಒಂದು ಕಾರಣವಿದೆ. ಅಚ್ಚಗನ್ನಡದಲ್ಲಿ ಅರ್ಥದ ಬದಲಾವಣೆಗಳೆಲ್ಲ ಹೆಚ್ಚಾಗಿ ಪದದ ಕೊನೆಯಲ್ಲಿ ನಡೆಯುತ್ತವೆ: ಮಾಡು, ಮಾಡಿಸು, ಮಾಡದ, ಮಾಡುವಿಕೆ. ಆದ್ದರಿಂದ ನಮ್ಮ ಗಮನ ಪದದ ಬಾಲದ ಮೇಲಿರುತ್ತದೆ. ಉಪಸರ್ಗ ಎಂಬ ಕಲ್ಪನೆ ನಮಗೆ ಸಂಸ್ಕೃತದ ಮೂಲಕ ಬಂದದ್ದು. ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂಬ ಪದಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಶ್ಲೋಕವನ್ನು ವ್ಯಾಕರಣ ಓದಿದವರು ಮರೆಯುವುದಿಲ್ಲ. ಹೊಡೆತ, ಊಟ, ನಾಶ, ಅಡ್ಡಾಟ, ನಿವಾರಣೆ: ಧಾತು ಒಂದೇ, ಮುಂದೆ ಸೇರಿದ್ದು ಬೇರೆ ಬೇರೆ, ಅರ್ಥಗಳು ದಿಕ್ಕಾಪಾಲು. ಇಂಗ್ಲಿಷಿನ ಲ್ಯಾಟಿನ್ ಪದಗಳನ್ನು ಕಲಿಸುವಾಗ ಈ ಶ್ಲೋಕದಿಂದಲೇ ಆರಂಭಿಸುವುದು ಉತ್ತಮ ಎಂದು ನನಗನ್ನಿಸುತ್ತದೆ.

ಎರಡನೆಯ ಪ್ರಶ್ನೆಗೆ, ಅಂದರೆ ಒಂದೇ ಆರಂಭದ ಪದಗಳನ್ನು ಕಂತೆಯಾಗಿ ಕಲಿಯಬೇಕೇ ಎಂಬುದಕ್ಕೆ, ನನ್ನ ಉತ್ತರ ‘ಬಂಧುಗಳಾದರೆ ಕಲಿಯಿರಿ, ಅವಳಿಗಳಾದರೆ ಬೇಡ’ ಎಂಬುದು. ರೂಪದಲ್ಲಿ ಹೋಲುವ ಪದಗಳು ಕಲಿಯುವವರನ್ನು ಹೇಗೆ ದಾರಿ ತಪ್ಪಿಸುತ್ತವೆ ಎಂಬುದನ್ನು ಬಾತ್ಯಾ ಲೌಫರ್ ವಿಸ್ತಾರವಾಗಿ ಅಧ್ಯಯನ ಮಾಡಿ, ಅಂತಹ ಪದಗಳಿಗೆ ಸಿನ್‌ಫಾರ್ಮ್ ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಇದರ ಹಿಂದೆ ನೆನಪಿನ ಒಂದು ಸ್ವಭಾವವಿದೆ. ಪದ ನಾಲಗೆಯ ತುದಿಯಲ್ಲಿದ್ದು ಹೊರಬರದ ಸ್ಥಿತಿಯನ್ನು ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಲ್ಲಿ ಪರೀಕ್ಷಿಸಿದಾಗ, ಪದ ಸಿಗದಿದ್ದರೂ ಅದರ ಮೊದಲ ಅಕ್ಷರವನ್ನು ಜನರು ಅರ್ಧಕ್ಕಿಂತ ಹೆಚ್ಚು ಸಲ ಸರಿಯಾಗಿ ಹೇಳಿದರು. ಪದಗಳನ್ನು ನಾವು ಮನಸ್ಸಿನಲ್ಲಿ ತಲೆಯ ಕಡೆಯಿಂದ ಹಿಡಿದಿರುತ್ತೇವೆ. ಹಾಗಿರುವಾಗ ತಲೆ ಒಂದೇ ಆಗಿರುವ ಎರಡು ಹೊಸ ಪದಗಳನ್ನು ಒಂದೇ ದಿನ ಕಲಿತರೆ ಕೈಗೆ ಒಂದರ ಬದಲು ಇನ್ನೊಂದು ಸಿಗುವುದು ಸ್ವಾಭಾವಿಕ.

ಪ್ರಿಸ್ಕ್ರೈಬ್ ಮತ್ತು ಪ್ರೊಸ್ಕ್ರೈಬ್ ಎಂಬವನ್ನು ಗಮನಿಸಿ. ವೈದ್ಯರು ಮಾಡುವುದು ಮೊದಲನೆಯದನ್ನು: ಏನು ಮಾಡಬೇಕೆಂದು ಮುಂಚಿತವಾಗಿ ಬರೆದುಕೊಡುವುದು. ಎರಡನೆಯದು ನಿಷೇಧಿಸುವುದು. ಬರೆಯುವುದಕ್ಕೂ ನಿಷೇಧಕ್ಕೂ ಏನು ಸಂಬಂಧ ಎಂಬುದಕ್ಕೆ ಉತ್ತರ ರೋಮಿನ ಇತಿಹಾಸದಲ್ಲಿದೆ. ಕ್ರಿ.ಪೂ. 82ರಲ್ಲಿ ರೋಮಿನ ಸೇನಾನಾಯಕ ಸುಲ್ಲಾ ತನ್ನ ವಿರೋಧಿಗಳ ಹೆಸರುಗಳನ್ನು ಬರೆದು ಬಹಿರಂಗವಾಗಿ ಹಾಕಿಸಿದ. ಪಟ್ಟಿಯಲ್ಲಿ ಹೆಸರಿದ್ದವನಿಗೆ ಕಾನೂನಿನ ರಕ್ಷಣೆ ಇರಲಿಲ್ಲ, ಅವನನ್ನು ಕೊಂದವನಿಗೆ ಬಹುಮಾನವಿತ್ತು. ‘ಮುಂದೆ ಬರೆದು ಪ್ರಕಟಿಸು’ ಎಂಬುದು ‘ಬಹಿಷ್ಕರಿಸು’ ಎಂದಾದದ್ದು ಹೀಗೆ. ಈ ಕಥೆ ತಿಳಿದ ವಿದ್ಯಾರ್ಥಿ ಎರಡನ್ನೂ ಮತ್ತೆ ಅದಲುಬದಲು ಮಾಡುವುದು ಕಡಿಮೆ. ಪರ್ಸಿಕ್ಯೂಟ್ ಮತ್ತು ಪ್ರಾಸಿಕ್ಯೂಟ್ ಎರಡರಲ್ಲೂ ‘ಹಿಂಬಾಲಿಸು’ ಎಂಬ ಕ್ರಿಯೆ ಇದ್ದು, ಒಂದು ಬೆನ್ನಟ್ಟಿ ಹಿಂಸಿಸುವುದು, ಇನ್ನೊಂದು ನ್ಯಾಯಾಲಯದಲ್ಲಿ ಮೊಕದ್ದಮೆಯನ್ನು ಮುಂದುವರಿಸುವುದು. ಇಂತಹ ಜೋಡಿಗಳಲ್ಲಿ ಮೊದಲು ಒಂದನ್ನು ವಾಕ್ಯಗಳಲ್ಲಿ ಬಳಸಿ ಗಟ್ಟಿ ಮಾಡಿಕೊಂಡು, ಅದು ನೆಲೆಯಾದ ಮೇಲೆಯೇ ಎರಡನೆಯದಕ್ಕೆ ಹೋಗಬೇಕು.

ಅನುವಾದಕಿ:

ಅಧ್ಯಾಪಕರ ಮಾತಿಗೆ ನನ್ನ ಒಪ್ಪಿಗೆ ಇದೆ, ಆದರೆ ಕಾಗುಣಿತದ ವಿಷಯದಲ್ಲಿ ಒಂದು ಸೇರ್ಪಡೆ. ನಾವು ಇಂಗ್ಲಿಷ್ ಪದಗಳನ್ನು ಉಚ್ಚಾರಣೆಯಿಂದ ಕಲಿಯುತ್ತೇವೆ, ಆದರೆ ಅರ್ಥದ ಸುಳಿವು ಹಲವೆಡೆ ಕಾಗುಣಿತದಲ್ಲಿ ಅಡಗಿರುತ್ತದೆ. ಪೆಡಲ್, ಪೆಡೆಸ್ಟ್ರಿಯನ್, ಪೆಡೆಸ್ಟಲ್ ಇವುಗಳಲ್ಲಿ ಪಾದ ಎಂಬ ಅರ್ಥದ ಲ್ಯಾಟಿನ್ ಪದವಿದೆ. ಮಕ್ಕಳ ವೈದ್ಯರನ್ನು ಸೂಚಿಸುವ ಪೀಡಿಯಾಟ್ರಿಷಿಯನ್ ಎಂಬುದರಲ್ಲಿ ಮಗು ಎಂಬ ಅರ್ಥದ ಗ್ರೀಕ್ ಪದವಿದೆ. ಬ್ರಿಟಿಷ್ ಕಾಗುಣಿತದಲ್ಲಿ ಎರಡನೆಯದಕ್ಕೆ ಎ ಮತ್ತು ಇ ಎರಡನ್ನೂ ಬರೆಯುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಅಮೆರಿಕನ್ ಕಾಗುಣಿತ ಆ ಎ ಅನ್ನು ಅಳಿಸಿ, ಪಾದಕ್ಕೂ ಮಗುವಿಗೂ ಒಂದೇ ಮೂರಕ್ಷರಗಳನ್ನು ಹಂಚಿಬಿಟ್ಟಿತು. ಅದೇ ರೀತಿ ಕೆ-ಎನ್ ಎಂದು ಬರೆದು ‘ನ’ ಎಂದು ಉಚ್ಚರಿಸುವ ಪದಗಳಲ್ಲಿ ಕೆ ವ್ಯರ್ಥವಾಗಿ ಕುಳಿತಿಲ್ಲ. ಸುಮಾರು 17ನೆಯ ಶತಮಾನದವರೆಗೂ ಅದನ್ನು ಉಚ್ಚರಿಸುತ್ತಿದ್ದರು. ಮಂಡಿ ಎಂಬ ಅರ್ಥದ ನೀ ಸಂಸ್ಕೃತದ ‘ಜಾನು’ವಿನ ಬಂಧು, ತಿಳಿ ಎಂಬ ಅರ್ಥದ ನೋ ‘ಜ್ಞಾನ’ದ ಬಂಧು. ಆ ಮೂಕ ಕೆ ಅನ್ನು ನೋಡಿದಾಗಲೆಲ್ಲ ನನಗೆ ಜ್ಞ ಅಕ್ಷರದ ನೆನಪಾಗುತ್ತದೆ. ಅದನ್ನೂ ಇಂದು ಬರೆದಂತೆ ಉಚ್ಚರಿಸುವವರು ವಿರಳ.

ಸಿ-ಎಚ್ ಜೋಡಿಯಲ್ಲಂತೂ ಉಚ್ಚಾರಣೆಯೇ ಊರನ್ನು ಹೇಳುತ್ತದೆ. ಚೈಲ್ಡ್, ಚಿನ್ ಎಂದು ‘ಚ’ಕಾರವಿದ್ದರೆ ಪದ ಇಂಗ್ಲಿಷಿನ ಹಳೆಯ ನಿವಾಸಿ ಅಥವಾ ಬಹಳ ಹಿಂದೆ ಫ್ರೆಂಚಿನಿಂದ ಬಂದದ್ದು, ಕೋರಸ್, ಕೇಯಾಸ್, ಕ್ಯಾರೆಕ್ಟರ್ ಎಂದು ‘ಕ’ಕಾರವಿದ್ದರೆ ಗ್ರೀಕ್ ಮೂಲ, ‘ಶ’ಕಾರವಿದ್ದರೆ ಇತ್ತೀಚಿನ ಫ್ರೆಂಚ್ ಅತಿಥಿ. ಚೀಫ್ ಮತ್ತು ಶೆಫ್ ಎರಡೂ ಒಂದೇ ಫ್ರೆಂಚ್ ಪದ, ಶತಮಾನಗಳ ಅಂತರದಲ್ಲಿ ಎರಡು ಬಾರಿ ಬಂದದ್ದು. ಎರಡಕ್ಕೂ ಮೂಲದಲ್ಲಿ ‘ತಲೆ’ ಎಂದು ಅರ್ಥ: ಒಬ್ಬ ಎಲ್ಲರಿಗೂ ತಲೆಯಾಳು, ಇನ್ನೊಬ್ಬ ಅಡುಗೆಮನೆಗೆ ಮಾತ್ರ.

ಸಂಶಯವಾದಿ:

ಹಾಗಾದರೆ ಕ್ಯಾಪ್ಟನ್, ಕ್ಯಾಪಿಟಲ್ ಎಂಬವೂ ತಲೆಗೆ ಸಂಬಂಧಿಸಿದವು ಎಂದು ಕೇಳಿದ್ದೇನೆ. ಕ್ಯಾಪ್ಚರ್ ಮತ್ತು ಕ್ಯಾಪ್ಟಿವ್ ಕೂಡ ಅದೇ ಗುಂಪಿಗೆ ಸೇರುತ್ತವೆಯೇ?

ನಿಘಂಟುಪ್ರಿಯ:

ಇಲ್ಲ. ಕ್ಯಾಪ್ಟನ್, ಕ್ಯಾಪಿಟಲ್ ಇವುಗಳಲ್ಲಿ ಕಾಪುಟ್, ಅಂದರೆ ತಲೆ. ಕ್ಯಾಪ್ಚರ್, ಕ್ಯಾಪ್ಟಿವ್, ಕೆಪಾಸಿಟಿ ಇವುಗಳಲ್ಲಿ ಕಾಪೆರೆ, ಅಂದರೆ ಹಿಡಿ. ಸೆರೆಹಿಡಿಯುವುದು, ಹಿಡಿದುಕೊಳ್ಳುವ ಸಾಮರ್ಥ್ಯ ಎಂದು ನೆನಪಿಟ್ಟುಕೊಂಡರೆ ಸಾಕು. ಕ್ಯಾಪ್ಸೂಲ್ ಸಣ್ಣ ಪೆಟ್ಟಿಗೆ ಎಂಬ ಅರ್ಥದಿಂದ ಬಂದದ್ದು; ಆ ಪೆಟ್ಟಿಗೆಯ ಪದವನ್ನೂ ಸಾಮಾನ್ಯವಾಗಿ ಈ ‘ಹಿಡಿ’ಯ ಕಡೆಗೇ ಜೋಡಿಸುತ್ತಾರೆ.

ಪದಕುತೂಹಲಿ:

ಎಲ್ಲರಿಗೂ ಧನ್ಯವಾದಗಳು. ನನ್ನ ಪಟ್ಟಿಯನ್ನು ಈಗ ಅಕ್ಷರಗಳ ಬದಲು ಮೂಲಗಳ ಪ್ರಕಾರ ಮರುಜೋಡಿಸುತ್ತಿದ್ದೇನೆ. ಅದರಲ್ಲಿ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಆ್ಯಂಟಿ ಎಂದರೆ ‘ವಿರುದ್ಧ’ ಎಂದು ಎಲ್ಲ ಕಡೆ ಕಾಣುತ್ತದೆ. ಆದರೆ ಆ್ಯಂಟಿಸಿಪೇಟ್ ಎಂದರೆ ನಿರೀಕ್ಷಿಸು, ಅದರಲ್ಲಿ ವಿರೋಧ ಎಲ್ಲಿದೆ?

ಧ್ವನಿವಿದ್ಯಾರ್ಥಿ:

ಅಲ್ಲಿ ವಿರೋಧವಿಲ್ಲ, ಅದು ವೇಷ ಮರೆಸಿಕೊಂಡಿರುವ ಆ್ಯಂಟಿ. ಗ್ರೀಕಿನ ಆ್ಯಂಟಿ ‘ವಿರುದ್ಧ’, ಲ್ಯಾಟಿನ್ನಿನ ಆ್ಯಂಟೆ ‘ಮುಂಚೆ’. ಎರಡನೆಯದು ಸಾಮಾನ್ಯವಾಗಿ ಇ ಅಕ್ಷರದಿಂದ ಮುಗಿಯುತ್ತದೆಯಾದರೂ ಆ್ಯಂಟಿಸಿಪೇಟ್‌ನಲ್ಲಿ ಅದು ಐ ಆಗಿಬಿಟ್ಟಿದೆ. ನಿಘಂಟುಪ್ರಿಯರು ಈಗಷ್ಟೇ ಹೇಳಿದ ಕಾಪೆರೆ ಅದರ ಉತ್ತರಾರ್ಧದಲ್ಲಿದೆ: ಮುಂಚೆಯೇ ಹಿಡಿದುಕೊಳ್ಳುವುದು ಎಂದರೆ ಮುನ್ನರಿಯುವುದು. ಹಳೆಯ ಕಾಲದ್ದು ಎಂಬ ಅರ್ಥದ ಆ್ಯಂಟೀಕ್ ಕೂಡ ‘ಮುಂಚೆ’ಯ ಕಡೆಗೇ ಸೇರುತ್ತದೆ. ಆ್ಯಂಟಿಡೋಟ್ ವಿಷಕ್ಕೆ ವಿರುದ್ಧವಾಗಿ ಕೊಡುವುದು, ಆದ್ದರಿಂದ ಗ್ರೀಕ್ ಕಡೆಗೆ. ಉತ್ತರದ ಆರ್ಕ್ಟಿಕ್‌ಗೆ ಎದುರಾಗಿರುವ ಆ್ಯಂಟಾರ್ಕ್ಟಿಕ್ ಕೂಡ ಅಲ್ಲಿಗೇ. ಇನ್ನು ಇರುವೆ ಎಂಬ ಅರ್ಥದ ಆ್ಯಂಟ್ ನಿಮ್ಮ ಪಟ್ಟಿಯಲ್ಲಿ ಇವುಗಳ ತಲೆಯ ಮೇಲೆಯೇ ಕುಳಿತಿರುತ್ತದೆ. ಅದನ್ನು ಬೇರೆ ಪುಟಕ್ಕೆ ಸಾಗಿಸಬಹುದು, ಏಕೆಂದರೆ ಅದು ಹಳೆಯ ಇಂಗ್ಲಿಷಿನ ಮೂರು ಉಚ್ಚಾರಾಂಶಗಳ ಪದವೊಂದು ಬಳಸಿ ಬಳಸಿ ಸವೆದು ಉಳಿದ ತುಣುಕು.